ಕೇಳುವವರನ್ನು ಕೇಳುವವರು ಯಾರು?

ಭಾಗ 1

2022ರ ಜೂನ್ ತಿಂಗಳಲ್ಲಿ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನೋ ಕಂಪನಿ ಭಾರತದಲ್ಲಿದ್ದ ತನ್ನ ಸರ್ವರ್‌ಗಳನ್ನೆಲ್ಲ ತೆಗೆದುಬಿಟ್ಟಿತು. ಅದರ ಹಿಂದೆಯೇ ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಕೂಡ ಗಂಟುಮೂಟೆ ಕಟ್ಟಿದವು. ವಿಪಿಎನ್ ಅಂದ್ರೆ ಬೇರೆ ದೇಶದ ಸಿನಿಮಾ ನೋಡೋ ಉಪಾಯ ಅಷ್ಟೇ ಅಂದ್ಕೊಂಡಿರೋರಿಗೆ ಇದು ದೊಡ್ಡ ಸುದ್ದಿ ಅನ್ನಿಸಿರಲಿಕ್ಕಿಲ್ಲ. ಆದ್ರೆ ಅವು ಹೋಗಿದ್ದು ವ್ಯಾಪಾರ ಕಮ್ಮಿ ಆಯ್ತು ಅಂತಲ್ಲ, ಒಂದು ಸರ್ಕಾರಿ ಆದೇಶದ ಕಾರಣಕ್ಕೆ. ಆ ಆದೇಶ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ 1885ಕ್ಕೆ ಹೋಗಿ ನಿಲ್ತೀವಿ. ದಾರಿಯಲ್ಲಿ ನಮ್ಮ ವಿಧಾನಸೌಧವೂ ಸಿಗುತ್ತೆ. ಅದಕ್ಕೇ ಈ ಸರಣಿ.

ಶುರು ಮಾಡೋ ಮೊದಲು ಒಂದು ಮಾತು. ಈ ವಿಷಯ ಎತ್ತಿದ್ರೆ ಸಾಕು, ಟಿವಿ ಚರ್ಚೆಯಿಂದ ಹಿಡಿದು ನಮ್ಮ ಕ್ಯಾಂಟೀನ್‌ವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ದೇಶದ ಭದ್ರತೆ ಮುಖ್ಯವಾ, ನಿಮ್ಮ ಪ್ರೈವೆಸಿ ಮುಖ್ಯವಾ? ನನಗೆ ಈ ಪ್ರಶ್ನೆಯೇ ತಪ್ಪು ಅನ್ನಿಸುತ್ತೆ. ಬಿಕಾಂನವರಿಗೆ ಆಡಿಟಿಂಗ್ ಪೇಪರ್‌ನ ಇಂಟರ್ನಲ್ ಚೆಕ್ ನೆನಪಿರಬೇಕು. ನಗದು ಕೈಯಲ್ಲಿ ಹಿಡಿಯೋನೇ ಲೆಡ್ಜರ್ ಬರೀಬಾರದು, ಬರೆದವನೇ ಅದನ್ನು ತಪಾಸಣೆ ಮಾಡಬಾರದು. ಕ್ಯಾಷಿಯರ್ ಕಳ್ಳ ಅಂತಲ್ಲ. ಅವನು ಸತ್ಯಹರಿಶ್ಚಂದ್ರನೇ ಆಗಿರಲಿ, ನಿಯಮ ನಿಯಮವೇ. ನಮ್ಮ ಮಾತು ಕೇಳೋ, ನಮ್ಮ ಮಾಹಿತಿ ಕೇಳೋ ಸರ್ಕಾರಕ್ಕೂ ಇದೇ ನಿಯಮ ಅನ್ವಯ ಆಗುತ್ತಾ? ಈ ಸರಣಿಯಲ್ಲಿ ನಾನು ನೋಡ್ತಿರೋದು ಅದನ್ನೇ.

ಭಾಗ 2

ಫೋಟೋದಲ್ಲಿರೋದು ಹಳೇ ಡಯಲ್ ಫೋನ್. ಇದಕ್ಕಿಂತಲೂ ಹಳೇದು ನಮ್ಮ ಕದ್ದಾಲಿಕೆ ಕಾನೂನು. 1885ರಲ್ಲಿ ಬ್ರಿಟಿಷರು ಭಾರತೀಯ ಟೆಲಿಗ್ರಾಫ್ ಕಾಯ್ದೆ ಮಾಡಿದರು. ಅದರ 5ನೇ ಸೆಕ್ಷನ್‌ನಲ್ಲಿ ತಂತಿ ಸಂದೇಶವನ್ನು ತಡೆಯೋ, ಓದೋ ಅಧಿಕಾರ ಸರ್ಕಾರಕ್ಕೆ ಕೊಟ್ಕೊಂಡರು. ಆಳಿಸಿಕೊಳ್ಳೋ ಜನರ ಮೇಲೆ ಆಳೋರಿಗೆ ಅನುಮಾನ ಇರೋದು ಸಹಜ ಬಿಡಿ. ವಿಚಿತ್ರ ಏನಂದ್ರೆ 1947 ಬಂತು, ಸಂವಿಧಾನ ಬಂತು, ಆ ಸೆಕ್ಷನ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 1972ರಲ್ಲಿ ಅದನ್ನು ತಿದ್ದಿ ಬರೆದರು: ಸಾರ್ವಜನಿಕ ತುರ್ತು ಪರಿಸ್ಥಿತಿ ಇರಬೇಕು ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇರಬೇಕು, ಜೊತೆಗೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಈ ಎರಡು ಷರತ್ತನ್ನು ನೆನಪಿಟ್ಕೊಳ್ಳಿ, ಮುಂದೆ ಇವು ಮಾಯ ಆಗ್ತವೆ.

ಆದ್ರೆ ಆದೇಶ ಎಷ್ಟು ದಿನ ನಡೆಯುತ್ತೆ? ಯಾರು ಪರಿಶೀಲಿಸ್ತಾರೆ? ಕೇಳಿಸಿಕೊಂಡಿದ್ದನ್ನು ಆಮೇಲೆ ಏನು ಮಾಡ್ತಾರೆ? ಇದಕ್ಕೆಲ್ಲ ನಿಯಮ ಬರೆಯೋ ಅಧಿಕಾರ ಅದೇ ಕಾಯ್ದೆಯಲ್ಲಿತ್ತು. ಬರೀಲೇ ಇಲ್ಲ.

ಅಂಚೆಯ ಒಂದು ಸಣ್ಣ ಕಥೆಯೂ ಇದೆ. ಜನರ ಪತ್ರ ತೆರೆದು ನೋಡೋ ಅಧಿಕಾರವನ್ನು ಹಿಗ್ಗಿಸೋ ಅಂಚೆ ತಿದ್ದುಪಡಿ ಮಸೂದೆಯನ್ನು 1986ರಲ್ಲಿ ಸಂಸತ್ತು ಪಾಸ್ ಮಾಡಿತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಸುಮ್ಮನೆ ಇಟ್ಕೊಂಡು ಕೂತರು. ಪೊಲಿಟಿಕಲ್ ಸೈನ್ಸ್‌ನವರು ಪಾಕೆಟ್ ವೀಟೋ ಅಂತ ಎರಡು ಮಾರ್ಕ್ಸಿಗೆ ಬರೆಯೋದು ಇದನ್ನೇ. ಆ ಮಸೂದೆ ಕೊನೆಗೂ ಕಾನೂನಾಗಲಿಲ್ಲ.

ಭಾಗ 3

ಈಗ ಬೆಂಗಳೂರು, 1988. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದವರು, ಅಧಿಕಾರದಲ್ಲಿ ಇರೋರ ಮೇಲೆ ಕಣ್ಣಿಡೋಕೆ ಲೋಕಾಯುಕ್ತ ಕಾನೂನು ತಂದವರು. ದೇಶಮಟ್ಟದಲ್ಲಿ ಒಳ್ಳೇ ಹೆಸರು. ಅಂಥವರ ಸರ್ಕಾರದ ಮೇಲೇ ಫೋನ್ ಕದ್ದಾಲಿಕೆ ಆರೋಪ ಬಂತು. ರಾಜಕಾರಣಿಗಳ, ಉದ್ಯಮಿಗಳ ಫೋನುಗಳನ್ನು ರಾಜ್ಯದ ಪೊಲೀಸರು ಕೇಳಿಸಿಕೊಳ್ತಿದ್ದಾರೆ, ಅದರಲ್ಲಿ ಹೆಗಡೆಯವರದ್ದೇ ಪಕ್ಷದವರೂ ಇದ್ದಾರೆ ಅನ್ನೋದು ಆರೋಪ. ತಾನು ಅಂಥ ಆದೇಶ ಕೊಟ್ಟಿಲ್ಲ ಅಂತ ಹೆಗಡೆ ಹೇಳಿದರು. ಆದ್ರೂ 1988ರ ಆಗಸ್ಟ್‌ನಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ಇಲ್ಲೊಂದು ಪಕ್ಕದ ಮಾತು. ಹೆಗಡೆ ಹೋದ ಮೇಲೆ ಬಂದವರು ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ ಕೇಂದ್ರ ಅವರ ಸರ್ಕಾರ ವಜಾ ಮಾಡಿತು, ಅವರು ಕೋರ್ಟಿಗೆ ಹೋದರು, 1994ರಲ್ಲಿ ಬೊಮ್ಮಾಯಿ ತೀರ್ಪು ಬಂತು. ರಾಷ್ಟ್ರಪತಿ ಆಳ್ವಿಕೆ ಬಗ್ಗೆ ದೇಶದ ಎಲ್ಲಾ ಪರೀಕ್ಷೆಗಳಲ್ಲೂ ಕೇಳೋ ಆ ತೀರ್ಪಿನ ಬಾಲ ಹಿಡ್ಕೊಂಡು ಹಿಂದೆ ಹೋದ್ರೆ ಒಂದು ಫೋನ್ ಗಲಾಟೆ ಸಿಗುತ್ತೆ!

ನನ್ನ ತಲೆ ಕೆಡಿಸಿದ್ದು ರಾಜೀನಾಮೆ ಅಲ್ಲ, ವಿಷಯ ಹೊರಗೆ ಬಂದ ರೀತಿ. ಆಗ ದೂರವಾಣಿ ಅನ್ನೋದು ಪೂರ್ತಿ ಕೇಂದ್ರ ಸರ್ಕಾರದ ಇಲಾಖೆ. ರಾಜ್ಯದ ಪೊಲೀಸರು ಕೇಳಬೇಕು, ಕೇಂದ್ರದ ಇಲಾಖೆಯವರು ಎಕ್ಸ್‌ಚೇಂಜ್‌ನಲ್ಲಿ ಲೈನ್ ಕೊಡಬೇಕು. ಅಂದ್ರೆ ಕಾಗದ ಎರಡು ಕಡೆ ಇರ್ತಿತ್ತು. ಬೆಂಗಳೂರಲ್ಲಿ ಜನತಾ ಪಕ್ಷ, ದಿಲ್ಲಿಯಲ್ಲಿ ಕಾಂಗ್ರೆಸ್, ಇಬ್ಬರಿಗೂ ಹಾವು ಮುಂಗುಸಿ ಸಂಬಂಧ. ಹಾಗಾಗಿ ವಿವರ ದಿಲ್ಲಿಯಲ್ಲಿ ಹೊರಬಿತ್ತು. ಕಾನೂನು ಹೇಳಿತು ಅಂತ ಅಲ್ಲ, ಕೋರ್ಟು ಕೇಳಿತು ಅಂತಲೂ ಅಲ್ಲ. ಕ್ಯಾಷಿಯರ್‌ಗೂ ಲೆಡ್ಜರ್ ಬರೆಯೋನಿಗೂ ಜಗಳ ಇತ್ತು, ಲೆಕ್ಕ ಬಯಲಾಯ್ತು. ಎರಡೂ ಕಡೆ ಒಂದೇ ಪಕ್ಷ ಇದ್ದಿದ್ರೆ? ಯಾರ ಫೋನು ಕೇಳಿಸಿಕೊಂಡಿದ್ದರೋ ಅವರಿಗೆ ಸಾಯೋವರೆಗೂ ಗೊತ್ತಾಗ್ತಿರಲಿಲ್ಲ.

"ನನ್ನ ಹತ್ರ ಮುಚ್ಚಿಡೋಕೆ ಏನಿದೆ, ನಾನೇನು ಕಳ್ಳನಾ" ಅಂತ ಕೇಳೋ ಗೆಳೆಯರಿಗೆ ನಾನು ಈ ಕಥೆಯನ್ನೇ ಹೇಳೋದು. 1988ರಲ್ಲಿ ಕೇಳಿಬಂದ ಹೆಸರುಗಳು ಕಳ್ಳರದ್ದಲ್ಲ, ರಾಜಕೀಯ ಎದುರಾಳಿಗಳದ್ದು.

ಭಾಗ 4

1991ರ ಮಾರ್ಚ್‌ನಲ್ಲಿ ಚಂದ್ರಶೇಖರ್ ಪ್ರಧಾನಿ ಪಟ್ಟ ಬಿಟ್ಟರು. ರಾಜೀವ್ ಗಾಂಧಿ ಮನೆ ಮುಂದೆ ಹರಿಯಾಣದ ಇಬ್ಬರು ಪೊಲೀಸರು ಗೂಢಚರ್ಯೆ ಮಾಡ್ತಿದ್ರು ಅನ್ನೋ ಗಲಾಟೆಗೆ ಕಾಂಗ್ರೆಸ್ ಮುನಿಸಿಕೊಂಡಿತ್ತು. ಅದೇ ಕಾಲಕ್ಕೆ ರಾಜಕಾರಣಿಗಳ ಫೋನ್ ಕದ್ದಾಲಿಕೆ ಬಗ್ಗೆ ಸಿಬಿಐ ಮಾಡಿದ್ದ ವರದಿ ಮೇನ್‌ಸ್ಟ್ರೀಮ್ ಅನ್ನೋ ಪತ್ರಿಕೆಯಲ್ಲಿ ಅಚ್ಚಾಯ್ತು. ಅದನ್ನೇ ಹಿಡ್ಕೊಂಡು ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ಕ್ಕೆ ತೀರ್ಪು.

ಫೋನ್‌ನಲ್ಲಿ ಮಾತಾಡೋದು ಖಾಸಗಿ ಬದುಕಿನ ಭಾಗ ಅಂತ ಕೋರ್ಟು ಒಪ್ಪಿಕೊಂಡಿತು. 111 ವರ್ಷ ಬರೆಯದೇ ಬಿಟ್ಟಿದ್ದ ನಿಯಮಗಳನ್ನು ತಾನೇ ಹಾಕಿಕೊಟ್ಟಿತು. ಆದೇಶ ಕೊಡಬೇಕಾದವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಆದೇಶ 2 ತಿಂಗಳಿಗೆ ಸಾಯುತ್ತೆ, ಮುಂದುವರಿಸಿದ್ರೂ ಒಟ್ಟು 6 ತಿಂಗಳು ದಾಟಬಾರದು. ಸರಿ ಇದೆಯೋ ಇಲ್ಲವೋ ನೋಡೋಕೆ ಒಂದು ಪರಿಶೀಲನಾ ಸಮಿತಿ.

ಖುಷಿಪಡೋ ಮೊದಲು ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ಕೇಂದ್ರದಲ್ಲಾದ್ರೆ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ಆದೇಶ ಕೊಡೋರು ಕಾರ್ಯದರ್ಶಿ, ಪರಿಶೀಲಿಸೋರೂ ಕಾರ್ಯದರ್ಶಿಗಳು. ಮೊದಲೇ ನ್ಯಾಯಾಧೀಶರ ಅನುಮತಿ ಬೇಕು ಅಂತ ಅರ್ಜಿದಾರರು ಕೇಳಿದ್ದರು, ಕೋರ್ಟು ಒಪ್ಪಲಿಲ್ಲ. ಇಷ್ಟು ಒಳ್ಳೇ ತೀರ್ಪು ಇಲ್ಲಿ ಮಾತ್ರ ಯಾಕೆ ಹಿಂಜರೀತು ಅಂತ ನನಗೆ ಇವತ್ತಿಗೂ ಬೇಸರ ಇದೆ. ಒಂದೇ ಆಫೀಸಿನ ಇಬ್ಬರು ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಸಹಿ ಹಾಕಿದ್ರೆ ನಮ್ಮ ಆಡಿಟಿಂಗ್ ಲೆಕ್ಚರರ್ ಆ ವೋಚರ್ ಹರಿದು ಹಾಕ್ತಾರೆ.

ಆಮೇಲೆ ಇಂಟರ್ನೆಟ್ ಬಂತು. 2000ದಲ್ಲಿ ಐಟಿ ಕಾಯ್ದೆ. ಮುಂಬೈ ದಾಳಿ ಆದ ಮುಂದಿನ ತಿಂಗಳೇ, 2008ರ ಡಿಸೆಂಬರ್‌ನಲ್ಲಿ, ಅದಕ್ಕೊಂದು ದೊಡ್ಡ ತಿದ್ದುಪಡಿ ಹೆಚ್ಚೇನೂ ಚರ್ಚೆ ಇಲ್ಲದೆ ಪಾಸಾಯ್ತು. ತುರ್ತು ಪರಿಸ್ಥಿತಿ, ಸಾರ್ವಜನಿಕ ಸುರಕ್ಷತೆ ಅನ್ನೋ ಆ ಎರಡು ಷರತ್ತು ಹೊಸ 69ನೇ ಸೆಕ್ಷನ್‌ನಲ್ಲಿ ಇಲ್ಲ. ಬದಲಿಗೆ ಯಾವುದೇ ಅಪರಾಧದ ತನಿಖೆಗೂ ಕಂಪ್ಯೂಟರ್‌ನೊಳಗಿನ ಮಾಹಿತಿ ನೋಡಬಹುದು ಅಂತ ಸೇರಿಕೊಂಡಿತು. ಅದೇ ತಿದ್ದುಪಡಿಯಲ್ಲಿ 66ಎ ಕೂಡ ಬಂತು, ಪೋಸ್ಟ್ ಹಾಕಿದ್ದಕ್ಕೆ ಜೈಲು ಅನ್ನೋ ಸೆಕ್ಷನ್. ಅದರ ವಿರುದ್ಧ ಶ್ರೇಯಾ ಸಿಂಘಾಲ್ ಕೋರ್ಟಿಗೆ ಹೋದಾಗ ಅವರಿಗೆ 21 ವರ್ಷ. 2015ರಲ್ಲಿ ಅದು ಬಿದ್ದುಹೋಯ್ತು. 69 ಹಾಗೇ ಉಳೀತು. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಅದರಡಿ 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು.

ಭಾಗ 5

ಸರಿ, ವಿಪಿಎನ್ ಕಥೆಗೆ ವಾಪಸ್. ಸರ್ಟ್-ಇನ್ ಅಂತ ಕೇಂದ್ರದ ಒಂದು ಸಂಸ್ಥೆ ಇದೆ. 2004ರಿಂದ ಇದೆ. ಸೈಬರ್ ದಾಳಿ ಆದಾಗ ಬೆಂಕಿ ಆರಿಸೋ ದಳದ ಥರ ಇದರ ಕೆಲಸ. 2008ರ ತಿದ್ದುಪಡಿಯ 70ಬಿ ಸೆಕ್ಷನ್ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ದಾಳಿಗೆ ಒಳಗಾದವರು ಮಾಹಿತಿ ಹಂಚಿಕೊಳ್ಳಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯ್ತು. ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಲ್ಲಿ ದುಡ್ಡು ತೆಗೆದಿದ್ದರು. ಮರ್ಯಾದೆಗೆ ಅಂಜಿ ಒಂದು ಬ್ಯಾಂಕ್ ಬಾಯಿ ಮುಚ್ಚಿಕೊಂಡ್ರೆ ಪಕ್ಕದ ಬ್ಯಾಂಕಿಗೂ ಅದೇ ಗತಿ. ಅಲ್ಲಿರೋದು ನಮ್ಮ ಅಪ್ಪ ಅಮ್ಮನ ಎಫ್‌ಡಿ.

ಆದ್ರೆ 2022ರ ಏಪ್ರಿಲ್ 28ರ ಆದೇಶ ಏನು ಕೇಳಿತು ಗೊತ್ತಾ? ದಾಳಿ ಆದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಿ. (ವೈಯಕ್ತಿಕ ಮಾಹಿತಿ ಸೋರಿಕೆ ತಿಳಿಸೋಕೆ ಯುರೋಪ್ ಕೊಡೋದು 72 ಗಂಟೆ.) ಯಾರು ಯಾವಾಗ ಎಲ್ಲಿಂದ ಬಂದು ಹೋದರು ಅನ್ನೋ ಸಿಸ್ಟಮ್ ಲಾಗ್‌ಗಳನ್ನು 180 ದಿನ ಇಟ್ಕೊಳ್ಳಿ. ವಿಪಿಎನ್, ಕ್ಲೌಡ್, ಡೇಟಾ ಸೆಂಟರ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ನಂಬರ್, ಯಾಕೆ ಬಳಸ್ತಿದ್ದಾರೆ ಅನ್ನೋದನ್ನೆಲ್ಲ 5 ವರ್ಷ ಇಟ್ಕೊಳ್ಳಿ. ಕೇಳಿದಾಗ ಕೊಡಿ.

ಗೆರೆ ಎಲ್ಲಿ ದಾಟಿತು ಅನ್ನೋದನ್ನು ಗಮನಿಸಿ. ಬೀಗ ಹೇಗೆ ಒಡೆದರು ಅಂತ ಹೇಳೋದು ದಾಳಿಯ ಮಾಹಿತಿ. ದಾಳಿ ಆಗುವ ಮೊದಲೇ ಎಲ್ಲಾ ಗ್ರಾಹಕರ ಪಟ್ಟಿ ಐದು ವರ್ಷ ಕಾಪಾಡೋದು ಮನುಷ್ಯರ ಮಾಹಿತಿ. ಮೊದಲನೆಯದರ ಹೆಸರಲ್ಲಿ ಎರಡನೆಯದೂ ಬಂತು. ಗ್ರಾಹಕರ ದಾಖಲೆ ಇಟ್ಟುಕೊಳ್ಳೋದಿಲ್ಲ ಅಂತ ಹೇಳಿಯೇ ವ್ಯಾಪಾರ ಮಾಡೋ ವಿಪಿಎನ್‌ಗಳು ಇನ್ನೇನು ಮಾಡ್ತವೆ? ಪಾಲಿಸೋಕೆ ಇಷ್ಟ ಇಲ್ಲದವರು ಭಾರತ ಬಿಟ್ಟು ಹೋಗಬಹುದು ಅಂತ ಆಗಿನ ಐಟಿ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಹೇಳಿದರು. ಹೋದರು. ವಿರೋಧ ಬಂದಿದ್ದಕ್ಕೆ ಸಣ್ಣ ಉದ್ಯಮಗಳಿಗೆ 2022ರ ಸೆಪ್ಟೆಂಬರ್ 25ರವರೆಗೆ ಗಡುವು ಸಿಕ್ಕಿತು, ಆದೇಶ ಉಳೀತು. ನಮ್ಮಲ್ಲಿ ಆಡಿಟ್ ಆಫೀಸುಗಳಿಗೆ, ಕಂಪನಿ ಅಕೌಂಟ್ಸ್ ವಿಭಾಗಗಳಿಗೆ ಹೋಗೋರೇ ಜಾಸ್ತಿ ಅಲ್ವಾ, ಆ ಆರು ಗಂಟೆಯ ಗಡಿಯಾರ ನಾಳೆ ನಮ್ಮ ಟೇಬಲ್ ಮೇಲೇ ಇರುತ್ತೆ.

ಇದು ಸಂಸತ್ತಿನಲ್ಲಿ ಚರ್ಚೆಯಾಗಿ ಬಂದ ಕಾನೂನಲ್ಲ, ಒಂದು ಸಂಸ್ಥೆಯ ನಿರ್ದೇಶನ. ಹೋಗಲಿ, ಕೂಡಿಟ್ಟ ಮಾಹಿತಿಯಿಂದ ಏನು ಮಾಡಿದ್ರಿ ಅಂತ ಆರ್‌ಟಿಐ ಹಾಕಿ ಕೇಳೋಣ ಅಂದ್ರೆ, 2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಆರ್‌ಟಿಐ ಕಾಯ್ದೆಯಿಂದಲೇ ಹೊರಗಿಟ್ಟರು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಆರೋಪ ಬಿಟ್ಟು ಬೇರೇನೂ ಕೇಳೋಹಾಗಿಲ್ಲ. ಎಲ್ಲರನ್ನೂ ಕೇಳೋ ಸಂಸ್ಥೆಯನ್ನು ನಾವು ಕೇಳೋ ಹಾಗಿಲ್ಲ.

ಭಾಗ 6

ಇದರ ನಡುವೆ ಒಂದು ದೊಡ್ಡ ಗೆಲುವೂ ಇದೆ. ಅದೂ ನಮ್ಮ ಊರಿನವರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು, 86ನೇ ವಯಸ್ಸಲ್ಲಿ. ಆ ವಯಸ್ಸಿನ ನ್ಯಾಯಮೂರ್ತಿಗೆ ಮುಚ್ಚಿಡೋಕೆ ಏನಿತ್ತು ಹೇಳಿ? 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದ್ರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಆ ಹಕ್ಕು ಕಾಗದದಿಂದ ಆಚೆ ಎಷ್ಟು ಬಂದಿದೆ? ಪೆಗಾಸಸ್ ವಿವಾದ ಎದ್ದಾಗ 2021ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಪೆಗಾಸಸ್ಸೇ ಅಂತ ಸಾಬೀತಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನು ಕೋರ್ಟೇ ತೆರೆದ ಕಲಾಪದಲ್ಲಿ ತಿಳಿಸಿತು. ಹಕ್ಕು ಇದ್ದರೂ ಲೆಡ್ಜರ್ ತೋರಿಸಿ ಅನ್ನೋಕೆ ಯಾರಿಗೂ ಆಗಲಿಲ್ಲ.

2023ರ ಡಿಸೆಂಬರ್‌ನಲ್ಲಿ 1885ರ ಕಾಯ್ದೆಗೆ ಬದಲಿಯಾಗಿ ಹೊಸ ದೂರಸಂಪರ್ಕ ಕಾಯ್ದೆ ಪಾಸಾಯ್ತು. ವಿರೋಧ ಪಕ್ಷಗಳ 140ಕ್ಕೂ ಹೆಚ್ಚು ಸಂಸದರು ಅಮಾನತಾಗಿ ಹೊರಗಿದ್ದ ವಾರ ಅದು. ಹೊಸ ಅಂಚೆ ಕಾಯ್ದೆಯೂ ಅದೇ ಅಧಿವೇಶನದಲ್ಲಿ ಪಾಸಾಯ್ತು, ಪತ್ರ ತೆರೆಯೋ ಅಧಿಕಾರದ ಸಮೇತ. ಜೈಲ್ ಸಿಂಗ್ ನೆನಪಾದರು ನನಗೆ. ಹೊಸ ಕದ್ದಾಲಿಕೆ ನಿಯಮಗಳು 2024ರ ಡಿಸೆಂಬರ್‌ನಲ್ಲಿ ಬಂದವು. ಬ್ರಿಟಿಷರ ಕಾಯ್ದೆ ಹೋಯ್ತು, ಸರಿ. ಆದೇಶ ಕೊಡೋರು ಇವತ್ತಿಗೂ ಗೃಹ ಕಾರ್ಯದರ್ಶಿ, ಪರಿಶೀಲಿಸೋ ಸಮಿತಿಯಲ್ಲಿ ಇವತ್ತಿಗೂ ಕಾರ್ಯದರ್ಶಿಗಳೇ, ನ್ಯಾಯಾಧೀಶರು ಇಲ್ಲ. ಬೇಡವಾದ ದಾಖಲೆಗಳನ್ನು 6 ತಿಂಗಳಿಗೊಮ್ಮೆ ನಾಶ ಮಾಡ್ತಾರೆ. ನಿಮ್ಮ ಫೋನು ಕೇಳಿಸಿಕೊಂಡಿದ್ವಿ, ಏನೂ ಸಿಗಲಿಲ್ಲ ಅಂತ ಆಮೇಲಾದ್ರೂ ನಿಮಗೆ ತಿಳಿಸಬೇಕು ಅನ್ನೋ ನಿಯಮ ಅದರಲ್ಲಿ ಇಲ್ಲ.

ಆಧಾರ್ ತೀರ್ಪಿನ ಕಥೆ ಇಲ್ಲಿ ತುರುಕೋಕೆ ಆಗಲ್ಲ, ಅದಕ್ಕೆ ಬೇರೆ ಸರಣಿ. ಸೆಮಿಸ್ಟರ್ ಪರೀಕ್ಷೆ ಮುಗೀಲಿ.