ಹಾಸಿಗೆ ಬಿಟ್ಟ ಮೇಲಿನ ವೈದ್ಯ: ಮೆದುಳು ಗಾಯದ ಪುನಶ್ಚೇತನ ಮತ್ತು ಮಲ್ಲಟ ಸೀಮೆ

ತಲೆಗೆ ಪೆಟ್ಟು ಬಿದ್ದವರ ಜೀವ ಉಳಿಸಿದ ಶಸ್ತ್ರವೈದ್ಯರನ್ನು ಜನ ನೆನೆಯುತ್ತಾರೆ. ಉಳಿದ ಜೀವಕ್ಕೆ ಉಣ್ಣುವುದು, ನಡೆಯುವುದು, ಹಣ ಎಣಿಸುವುದನ್ನು ಮರಳಿ ಕಲಿಸಿದವರ ಹೆಸರು ವೈದ್ಯಚರಿತ್ರೆಯಲ್ಲೂ ಅಪರೂಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವೈಜ್ಞಾನಿಕ ಪುನಶ್ಚೇತನ ವಿಭಾಗವನ್ನು ಮುನ್ನಡೆಸಿದ ನರರೋಗ ತಜ್ಞ ಡಾ. ಎ.ಬಿ. ತಾಲಿ ಅವರ ವೃತ್ತಿಜೀವನ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹ.

ತಾಲಿ ಮತ್ತು ಅನುಪಮ್ ಗುಪ್ತಾ 2012ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ, ತೀವ್ರ ಮೆದುಳು ಗಾಯವಾಗಿ ಬಹುಕಾಲ ಕಳೆದ ರೋಗಿಗಳು. ಆರಂಭದ ತಿಂಗಳುಗಳು ದಾಟಿದ ಮೇಲೂ, ವಾರ್ಡಿನಲ್ಲಿಟ್ಟು ಪುನಶ್ಚೇತನ ಕೊಟ್ಟರೆ ಚೇತರಿಕೆ ಮುಂದುವರಿಯುತ್ತದೆ ಎಂಬುದು ಅದರ ತೀರ್ಮಾನ. ‘ಇನ್ನೇನೂ ಆಗದು, ಮನೆಗೆ ಕರೆದೊಯ್ಯಿರಿ’ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆದರೆ ಚೇತರಿಕೆಯನ್ನು ಅಳೆಯುವ ಬಗೆಯಲ್ಲೇ ಒಂದು ತೊಡಕಿದೆ. ಇಂಥ ಅಧ್ಯಯನಗಳಲ್ಲಿ ಬಳಕೆಯಲ್ಲಿರುವ ಬಾರ್ಥೆಲ್ ಸೂಚ್ಯಂಕ 1965ರದು. ಊಟ, ಸ್ನಾನ, ಶೌಚ, ನಡಿಗೆ, ಮೆಟ್ಟಿಲು ಹತ್ತುವುದು ಮುಂತಾದ ಹತ್ತು ಕೆಲಸಗಳಿಗೆ ಒಟ್ಟು 100 ಅಂಕ. ರಾಯಚೂರು ಜಿಲ್ಲೆಯ ಮಲ್ಲಟದ ಕೂಲಿಕಾರನಿಗೆ ಮೆಟ್ಟಿಲಿಗಿಂತ ಹೊಲದ ಒಡ್ಡಿನ ಮೇಲಿನ ನಡಿಗೆ ಮುಖ್ಯ. ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಎರಡೂ ಕೈ ಒಟ್ಟಿಗೆ ಆಡಬೇಕು. ನೂರು ಅಂಕ ಗಳಿಸಿದವನೂ ಕೂಲಿಗೆ ಬಾರದೆ ಹೋಗಬಹುದು. ಇನ್ನು ಮರೆವು, ಹಠಾತ್ ಸಿಟ್ಟು, ಮಂಕುತನಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಊರಲ್ಲಿ ಅದಕ್ಕೆ ‘ಬುದ್ಧಿ ಕೆಟ್ಟೈತಿ’ ಅಂದುಬಿಡುತ್ತಾರೆ, ಮುಂದೆ ಯಾರೂ ಆಸ್ಪತ್ರೆಯ ಮಾತೆತ್ತುವುದಿಲ್ಲ.

ನಿಮ್ಹಾನ್ಸ್‌ನ ಎಪಿಡೆಮಿಯಾಲಜಿ ತಜ್ಞರಾಗಿದ್ದ ಡಾ. ಜಿ. ಗುರುರಾಜ್ 2002ರಲ್ಲಿ ಅಂದಾಜಿಸಿದಂತೆ, ಭಾರತದಲ್ಲಿ ಮೆದುಳು ಗಾಯಗಳ ಸುಮಾರು 60%ಕ್ಕೆ ರಸ್ತೆ ಅಪಘಾತ, 20–25%ಕ್ಕೆ ಬೀಳುವಿಕೆ ಕಾರಣ. ಎರಡನೆಯದನ್ನು ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಸೀಮೆಯ ಗುಳೆಯೊಂದಿಗೆ ಇಟ್ಟು ನೋಡಬೇಕು. ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಅಲ್ಲೇ ಬಿದ್ದರೆ, ತುರ್ತು ಚಿಕಿತ್ಸೆ ಅಲ್ಲೇ ಸಿಕ್ಕೀತು. ಆಮೇಲಿನ ಬದುಕು ನಾನೂರು ಕಿಲೋಮೀಟರಿಗೂ ಆಚೆ, ಊರಿನಲ್ಲಿ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನಿಜ. ಆದರೆ ಫಿಸಿಯೋಥೆರಪಿಗಾಗಿ ವಾರವಾರ ಕೂಲಿ ಬಿಟ್ಟು, ರೋಗಿಯ ಜತೆ ಇನ್ನೊಬ್ಬರನ್ನೂ ಕರೆತರುವುದು ಯಾವ ಮನೆಗೆ ಸಾಧ್ಯ?

ಕಾನೂನೂ ಇಲ್ಲಿ ಅರೆಮನಸ್ಸಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅಪಘಾತದ ಮೆದುಳು ಗಾಯ ಪ್ರತ್ಯೇಕವಾಗಿ ಅವುಗಳಲ್ಲಿಲ್ಲ. ಕೈಕಾಲಿನದೋ ಮಾತಿನದೋ ದೋಷ ತೋರಿಸಿದವರಿಗೆ ಪ್ರಮಾಣಪತ್ರದ ದಾರಿ ಸುಲಭ. ನೆನಪು ಮಾತ್ರ ಕಳೆದುಕೊಂಡವರು ಅಲೆಯಬೇಕು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಬಹುಪಾಲು ಅಂಗವಿಕಲರೇ. ತಾಲಿಯವರಂಥ ತಜ್ಞರು ವಾರ್ಡಿನಲ್ಲಿ ಸಾಧಿಸಿ ತೋರಿಸಿದ್ದು ಮಲ್ಲಟಕ್ಕೆ ತಲುಪುವುದಾದರೆ ಇವರ ಮೂಲಕವೇ. ತಲೆಪೆಟ್ಟಿನ ನಂತರದ ಮರೆವು, ಸಿಟ್ಟುಗಳನ್ನು ಗುರುತಿಸುವುದನ್ನೂ ಮನೆಮಂದಿಗೆ ದಿನದ ಅಭ್ಯಾಸ ಹೇಳಿಕೊಡುವುದನ್ನೂ ಅವರ ತರಬೇತಿಯಲ್ಲಿ ಸೇರಿಸಬೇಕು. ಆ ಪಾಠ ರೂಪಿಸುವ ಹೊಣೆಯನ್ನು ನಿಮ್ಹಾನ್ಸ್ ಮತ್ತು ರಾಯಚೂರಿನ ವೈದ್ಯಕೀಯ ಕಾಲೇಜು ಜತೆಯಾಗಿ ಹೊರಬೇಕು.