ಪಹಣಿ ಇಲ್ಲದವರ ಜೈಲು

ಜೈಲು ಸುಧಾರಣೆ ಎಂದ ಕೂಡಲೇ ನಮ್ಮ ಮಾತು ಊಟ, ಹಾಸಿಗೆ, ಶೌಚಾಲಯ, ಕಿಕ್ಕಿರಿದ ಬ್ಯಾರಕ್ಕುಗಳ ಕಡೆಗೆ ಹೋಗುತ್ತದೆ. ಹೋಗಲೇಬೇಕು. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಜಾಗವಿದ್ದದ್ದು 4,36,266 ಜನರಿಗೆ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯಿದೆ: ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಇಡೀ ದೇಶದ ಜೈಲುಗಳಲ್ಲಿರುವ ಜಾಗವೆಲ್ಲ ಹೆಚ್ಚುಕಡಿಮೆ ಇನ್ನೂ ಅಪರಾಧಿ ಎಂದು ತೀರ್ಮಾನವಾಗದವರಿಗೇ ಸರಿಹೋಗುತ್ತದೆ. ಶಿಕ್ಷೆಯಾದವರು ಅದರ ಮೇಲೆ ಬಂದು ಸೇರಿಕೊಂಡವರು.

ಸಮಿತಿಗಳಿಗೆ ನಮ್ಮಲ್ಲಿ ಬರವಿಲ್ಲ. 1894ರ ಕಾರಾಗೃಹ ಕಾಯ್ದೆ, 1919–20ರ ಕಾರ್ಡ್ಯೂ ಸಮಿತಿ, ಕರ್ನಾಟಕದ್ದೇ ಆದ 1963ರ ಕಾಯ್ದೆ, 1980ರಿಂದ 83ರವರೆಗೆ ಕೂತ ಮುಲ್ಲಾ ಸಮಿತಿ. ಇವನ್ನೆಲ್ಲ ಸಾಲಾಗಿ ಜೋಡಿಸಿದರೆ ಅದು ವರದಿಗಳ ಇತಿಹಾಸವಾದೀತು. ಜೈಲಿಗೆ ಹೋಗುವವರ ಇತಿಹಾಸ ನನಗೆ ಕಂಡದ್ದು ಬೇರೆ ಕಾಗದದಲ್ಲಿ, ಪಹಣಿಯಲ್ಲಿ.

ನಮ್ಮ ಸೀಮೆಯ ಯಾವ ಕೋರ್ಟಿನ ಆವರಣದಲ್ಲಿ ಅರ್ಧ ದಿನ ನಿಂತರೂ ಇದು ತಿಳಿಯುತ್ತದೆ. ಜಾಮೀನು ಮಂಜೂರಾದ ಮೇಲೆ ಆರೋಪಿಯ ಕಡೆಯವರು ಹುಡುಕುವುದು ಶ್ಯೂರಿಟಿ ನಿಲ್ಲುವವರನ್ನು. ಶ್ಯೂರಿಟಿ ನಿಲ್ಲುವವನ ಕೈಯಲ್ಲಿ ಸಾಮಾನ್ಯವಾಗಿ ಪಹಣಿ ಇರಬೇಕು. ಕೆ.ಆರ್.ನಗರದ ನಾಲೆ ಬಯಲಿನ ಭತ್ತದ ಗದ್ದೆಯವನಿಗೆ, ಪಿರಿಯಾಪಟ್ಟಣ ಹುಣಸೂರುಗಳ ಹೊಗೆಸೊಪ್ಪಿನ ರೈತನಿಗೆ ಇದು ಅಂಥ ಕಷ್ಟವಲ್ಲ. ಅಣ್ಣನದೋ ಮಾವನದೋ ಹೆಸರಿನಲ್ಲಿ ಎಕರೆ ಎರಡೆಕರೆ ಇದ್ದೇ ಇರುತ್ತದೆ. ಕಾಡಂಚಿನ ಹಾಡಿಯವನು ಏನು ತರಬೇಕು?

ಇದರ ಬೇರು 1970ರ ದಶಕದಲ್ಲಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ ಏಳು ತುಂಬಿ ಪಹಣಿಯಲ್ಲಿ ತಮ್ಮ ಹೆಸರು ಕಂಡರು. ಅದನ್ನು ಮಾಡಿದ ಮುಖ್ಯಮಂತ್ರಿ ದೇವರಾಜ ಅರಸರು ಹುಣಸೂರಿನವರೇ. ಅದೇ ಹೊತ್ತಿಗೆ ಅದೇ ಹುಣಸೂರಿನ ಪಕ್ಕದ ನಾಗರಹೊಳೆಯಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಹೊರಬೀಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದಿತ್ತು, ಎಚ್.ಡಿ.ಕೋಟೆಯಲ್ಲಿ ಕಬಿನಿ ಜಲಾಶಯ ತುಂಬುತ್ತಿತ್ತು. ಹೈಕೋರ್ಟ್ ನೇಮಿಸಿದ್ದ, ಪ್ರೊ. ಮುಜಾಫರ್ ಅಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಹೀಗೆ ಹೊರಬಿದ್ದ 3,418 ಕುಟುಂಬಗಳ ಲೆಕ್ಕವಿದೆ. ಉಳುವವನಿಗೆ ಹೊಲ ಸಿಕ್ಕಿತು, ನಿಜ. ಉಳದೆ ಗೆಡ್ಡೆ ಅಗೆದು, ಜೇನು ಕಿತ್ತು ಬದುಕಿದವನಿಗೆ ಯಾವ ಫಾರಮ್ಮೂ ಇರಲಿಲ್ಲ. ಅವನು ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸಗಳಲ್ಲಿ ಹಲವು ಇವತ್ತು ಕೇಸಾದವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಈಗ ಕೆಲವರಿಗೆ ಹಕ್ಕುಪತ್ರ ಬಂದಿದೆ. ಆದರೆ ಆ ಭೂಮಿಯನ್ನು ಪರಭಾರೆ ಮಾಡುವಂತಿಲ್ಲ. ಪರಭಾರೆಯಾಗದ ಭೂಮಿಯನ್ನು ನಂಬಿ ಜಾಮೀನು ಕೊಡಿ ಎಂದು ಯಾವ ವಕೀಲರು ವಾದಿಸುತ್ತಾರೋ!

ಅರಸರ ಕಾಲದ ಇನ್ನೊಂದು ಜೈಲುಕತೆ ಸಾಹಿತ್ಯದ ಓದುಗರಿಗೆ ಗೊತ್ತಿರುವಂಥದ್ದು. ‘ಸಂಸ್ಕಾರ’ದ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಒಳಗೇ ಇದ್ದರು. ಆಸ್ತಮಾ ಇತ್ತು, ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅವರ ಡೈರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತಮ್ಮ ಕಾಯಿಲೆಯ ಬಗ್ಗೆ ಬರೆದದ್ದಕ್ಕಿಂತ ಅಕ್ಕಪಕ್ಕದ ಬಡ ಹೆಂಗಸರ ಬಗ್ಗೆ ಬರೆದದ್ದು. ತುರ್ತುಪರಿಸ್ಥಿತಿ ಮುಗಿದಾಗ ರಾಜಕೀಯ ಕೈದಿಗಳು ಹೊರಬಂದರು, ಕೆಲವರು ಮಂತ್ರಿಗಳೂ ಆದರು. ಆ ಹೆಂಗಸರಂಥವರ ಪಾಲಿಗೆ ತುರ್ತುಪರಿಸ್ಥಿತಿ ಘೋಷಣೆಗೆ ಮೊದಲೂ ಇತ್ತು, ಆಮೇಲೂ ಉಳಿಯಿತು.

ಉಳಿದದ್ದು ಹೇಗೆ ಎನ್ನುವುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನದೇ ಒಂದು ಪ್ರಕರಣವಿದೆ. ಕೊಡಗಿನ ಗಡಿಯ ಆದಿವಾಸಿ ಕೂಲಿಯೊಬ್ಬ ಹೆಂಡತಿ ಕಾಣೆಯಾಗಿದ್ದಾಳೆ ಎಂದು ತಾನೇ ಪೊಲೀಸರಿಗೆ ದೂರು ಕೊಟ್ಟ. ಮುಂದೆ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ, ಕೊಂದವನು ಗಂಡನೇ ಎಂದು 2021ರಲ್ಲಿ ಅವನನ್ನು ಹಿಡಿದರು. ಮೂಳೆಗಳ ಡಿಎನ್‌ಎ ತಾಳೆಯಾಗಲಿಲ್ಲ. ಆದರೂ ಮೊಕದ್ದಮೆ ನಡೆಯಿತು. ಜಾಮೀನಿನ ಮೇಲೆ ಹೊರಬರುವ ಹೊತ್ತಿಗೆ ಅವನು ಒಂದೂವರೆ ವರ್ಷಕ್ಕೆ ಕಡಿಮೆಯಿಲ್ಲದಷ್ಟು ಕಾಲ ಮೈಸೂರಿನ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕಾಣಿಸಿಕೊಂಡಳು, ಜೀವಂತವಾಗಿ. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ದೋಷಮುಕ್ತ ಮಾಡಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು.

ಇದು ಅಪರೂಪದ್ದು, ಸಿನಿಮಾದಂಥದ್ದು ಎಂದು ಪತ್ರಿಕೆಗಳು ಬರೆದವು. ನನಗೆ ಹಾಗನ್ನಿಸುವುದಿಲ್ಲ. ಸತ್ತಳೆಂದವಳು ಎದ್ದು ಬಂದದ್ದು ಅಪರೂಪ, ಅಷ್ಟೇ. ಹಣವಿಲ್ಲದೆ, ಜಮೀನಿಲ್ಲದೆ, ಕೇಳುವವರಿಲ್ಲದೆ ಒಳಗೆ ಕೂತಿರುವುದು ದಿನನಿತ್ಯದ್ದು. ಎಚ್.ಡಿ.ಕೋಟೆಯ ಹಾಡಿಯೊಂದರ ಜೇನುಕುರುಬರೊಬ್ಬರ ಪಾಲಿಗೆ ಜೈಲೂ ಬರಲಿಲ್ಲ. ಜಿಂಕೆ ಮಾಂಸದ ಆರೋಪದ ಮೇಲೆ 2022ರ ಅಕ್ಟೋಬರ್‌ನಲ್ಲಿ ಅವರನ್ನು ಹಿಡಿದರು. ಅರಣ್ಯ ಇಲಾಖೆಯ ವಶದಲ್ಲಿದ್ದಾಗಲೇ ಜೀವ ಹೋಯಿತು.

ಕಾನೂನು ಏನೂ ಮಾಡಿಲ್ಲ ಎನ್ನುವಂತಿಲ್ಲ. 1978ರಲ್ಲೇ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ವಿಷಯವನ್ನು ಬಿಡಿಸಿಟ್ಟಿದ್ದರು. ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ತಮ್ಮ ಶ್ಯೂರಿಟಿಗೆ ಬಂದರೆ ಬೇರೆ ಜಿಲ್ಲೆಯವನೆಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿತು. ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಹಟ ಹಿಡಿಯಬಾರದು ಎಂಬ ಸೂಚನೆಯನ್ನು ಅದೇ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಕೊಡಬೇಕಾಯಿತು. ನಡುವಿನ ನಲವತ್ತೈದು ವರ್ಷ ಏನಾಯಿತು ಎಂದು ಕೇಳಬೇಕಾದದ್ದು ಇತಿಹಾಸ ಓದುವ ನಮ್ಮಂಥವರೇ. ಈಗ ಬಡ ಕೈದಿಗಳಿಗೆ ಜಾಮೀನಿನ ಹಣ ಕಟ್ಟಲು ಕೇಂದ್ರದ ಯೋಜನೆಯಿದೆ. ಒಳ್ಳೆಯದೇ. ಆದರೆ ಸರ್ಕಾರವೇ ಕೋರ್ಟಿಗೆ ಹಣ ಕಟ್ಟಿ ಬಿಡಿಸುವುದಕ್ಕಿಂತ, ಹಾಡಿಯ ಯಜಮಾನನ ಮಾತನ್ನೋ ಗ್ರಾಮ ಪಂಚಾಯಿತಿ ಸದಸ್ಯರ ಸಹಿಯನ್ನೋ ನಂಬುವುದು ಸುಲಭವಲ್ಲವೇ? ಓಡಿಹೋಗುವುದಿಲ್ಲ ಎಂಬುದಕ್ಕೆ ಭೂಮಿಯೊಂದೇ ಸಾಕ್ಷಿ ಎಂದು ಯಾರು ಹೇಳಿದರು? ಹಾಡಿಯವನು ಹೋಗುವುದಾದರೂ ಎಲ್ಲಿಗೆ!

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಬದುಕಿದ್ದ ಹೆಂಡತಿಯನ್ನು ಕೊಂದ ಆರೋಪ ಹೊತ್ತವನಂಥವರಿಗೆ ಇದರಿಂದಲೂ ಪ್ರಯೋಜನವಿಲ್ಲ.

ಅವನಿಗೆ ಹೇಳಿದ ಒಂದು ಲಕ್ಷವನ್ನು ಒಂದೂವರೆ ವರ್ಷದ ದಿನಗಳಿಗೆ ಭಾಗಿಸಿ ನೋಡಿದೆ. ದಿನಕ್ಕೆ ಇನ್ನೂರು ರೂಪಾಯಿಯೂ ಬೀಳುವುದಿಲ್ಲ. ಕರ್ನಾಟಕದ ಜೈಲುಗಳಲ್ಲಿ ಕೆಲಸ ಕಲಿಯುತ್ತಿರುವ ಸಜಾಬಂದಿಗೆ 2022ರ ಕೊನೆಯಲ್ಲಿ ಗೊತ್ತುಮಾಡಿದ ದಿನಗೂಲಿಯೇ 524 ರೂಪಾಯಿ.