ಜರ್ಸಿ ಹಸು, ಜರ್ಸಿ ಅಂಗಿ ಮತ್ತು ನಮ್ಮ ಸಂಘದ ಗುರುತು

ನಮ್ಮೂರಿನಲ್ಲಿ ಜರ್ಸಿ ಎಂದರೆ ಹಸು. ಬೆಳಗಾಗೆದ್ದು ಡೈರಿಗೆ ಹಾಲು ಹಾಕಲು ಬರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹೈಸ್ಕೂಲಿಗೆ ಹೋಗುವ ಮಕ್ಕಳು ಮಾತ್ರ, ಜರ್ಸಿ ಎಂದರೆ ಕಬಡ್ಡಿ, ವಾಲಿಬಾಲ್ ಆಡುವಾಗ ಹಾಕಿಕೊಳ್ಳುವ ನಂಬರಿನ ಅಂಗಿ ಎನ್ನುತ್ತಾರೆ. ಇಬ್ಬರದೂ ಸರಿಯೇ. ಹಸುವಿಗೂ ಅಂಗಿಗೂ ಹೆಸರು ಬಂದದ್ದು ಒಂದೇ ಊರಿನಿಂದ. ಬೆಳ್ಳಿಹಬ್ಬದ ಅಂಗವಾಗಿ ಸಿಬ್ಬಂದಿಗೆ ಸಂಘದ ಗುರುತಿರುವ ಸ್ವೆಟರ್ ಕೊಡುವ ವಿಷಯ ಸರ್ವಸದಸ್ಯರ ಸಭೆಯಲ್ಲಿ ಗಂಟೆಗೂ ಮೀರಿ ಚರ್ಚೆಯಾದ್ದರಿಂದ, ಆ ಅಂಗಿಯ ಮತ್ತು ಅದರ ಮೇಲಿನ ಗುರುತಿನ ಚರಿತ್ರೆಯನ್ನು ಸದಸ್ಯ ಬಾಂಧವರ ಮುಂದಿಡುವುದು ಸೂಕ್ತವೆಂದು ನಾವು ಭಾವಿಸಿದ್ದೇವೆ.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ, ಫ್ರಾನ್ಸಿನ ದಡಕ್ಕೆ ಹತ್ತಿರವಾಗಿ, ಜರ್ಸಿ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಸುಮಾರು 118 ಚದರ ಕಿಲೋಮೀಟರ್, ಅಂದರೆ ನಮ್ಮ ಕಡೆಯ ಒಂದು ಹೋಬಳಿಗಿಂತ ದೊಡ್ಡದೇನಲ್ಲ. ನಾನೂರು ವರ್ಷಗಳ ಹಿಂದೆ ಅಲ್ಲಿ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಉಣ್ಣೆಯ ಕಾಲುಚೀಲ ಹೆಣೆದು ಹೊರದೇಶಕ್ಕೆ ಮಾರುತ್ತಿದ್ದರು. ಅದರಲ್ಲಿ ಕಾಸು ಕಂಡ ಜನ ಹೊಲವನ್ನೇ ಮರೆತರು. ಕೊನೆಗೆ 1608ರಲ್ಲಿ, ಕೊಯ್ಲಿನ ಕಾಲದಲ್ಲಿ ಮತ್ತು ಗೊಬ್ಬರಕ್ಕಾಗಿ ಕಡಲಪಾಚಿ ಒಟ್ಟುಮಾಡುವ ಕಾಲದಲ್ಲಿ ಹದಿನೈದು ವರ್ಷ ಮೀರಿದ ಯಾರೂ ಹೆಣಿಗೆ ಹಿಡಿಯಕೂಡದೆಂದು ಕಾನೂನೇ ಆಯಿತು. ಇದನ್ನು ಕೇಳಿದ ನಮ್ಮ ಹಿರಿಯ ನಿರ್ದೇಶಕರೊಬ್ಬರು "ನಮ್ಮೂರ ಇಸ್ಪೀಟಿಗೂ ಇಂಥದ್ದೊಂದು ಕಾನೂನು ಬೇಕಿತ್ತು ಕಣ್ರಯ್ಯಾ" ಎಂದರು.

ಆ ದ್ವೀಪದ ಹೆಣಿಗೆಯ ಹೆಸರೇ ಮುಂದೆ ಬೆಸ್ತರು, ನಾವಿಕರು ತೊಡುತ್ತಿದ್ದ ಬಿಗಿಯಾದ ಉಣ್ಣೆ ಅಂಗಿಗೂ ನಿಂತಿತು. ಪಕ್ಕದ ಗರ್ನ್ಸಿ ದ್ವೀಪದ ಕಥೆಯೂ ಇದೇ. ಅಲ್ಲಿಯ ಹೆಸರಿನಲ್ಲೂ ಒಂದು ಅಂಗಿ ಇದೆ, ಒಂದು ಹಸು ಇದೆ. ಜರ್ಸಿಯವರು 1789ರಲ್ಲಿ ಹೊರಗಿನ ದನ ದ್ವೀಪಕ್ಕೆ ಬಾರದಂತೆ ಕಾನೂನು ಮಾಡಿ ತಳಿಯನ್ನು ಕಾಪಾಡಿಕೊಂಡರು. ನಮ್ಮ ಕೊಟ್ಟಿಗೆಯ ಮಿಶ್ರತಳಿ ಹಸುಗಳ ಹಾಲಿನಲ್ಲಿ ಫ್ಯಾಟು ಚೆನ್ನಾಗಿ ಬರುವುದರ ಹಿಂದೆ ಆ ಹಟವೂ ಇದೆ.

ಅಂಗಿಯ ಎದೆಯ ಮೇಲೆ ಗುರುತು ಬಂದದ್ದು ಆಟದಿಂದ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬೇಸ್‌ಬಾಲ್ ಆಟಗಾರರು 1865ರಲ್ಲಿ ತಮ್ಮ ಅಂಗಿಯ ಮೇಲೆ 'ಎಚ್' ಅಕ್ಷರ ಹೊಲಿಸಿಕೊಂಡರು. ಸ್ವಲ್ಪ ಕಾಲದಲ್ಲೇ ಅಲ್ಲಿ ಒಂದು ಪದ್ಧತಿ ಬೆಳೆಯಿತು. ಮುಖ್ಯ ಪಂದ್ಯದಲ್ಲಿ ಆಡಿದವನು ಆ ಅಕ್ಷರವನ್ನು ಇಟ್ಟುಕೊಳ್ಳಬಹುದು, ಆಡದವನು ವರ್ಷದ ಕೊನೆಗೆ ಅಂಗಿಯನ್ನು ಹಿಂದಕ್ಕೆ ಕೊಡಬೇಕು. ಅಂದರೆ ಅಕ್ಷರವನ್ನು ದುಡಿದು ಸಂಪಾದಿಸಬೇಕಿತ್ತು. ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿರುವವನಿಗೆ 1919ರಿಂದ ಹಳದಿ ಜರ್ಸಿ ತೊಡಿಸುತ್ತಾ ಬಂದರು. ಮೊದಲು ತೊಟ್ಟವನು ಯೂಜೀನ್ ಕ್ರಿಸ್ತೋಫ್. ದಾರಿಯಲ್ಲಿ ಜನ ಅವನನ್ನು ಹಳದಿ ಹಕ್ಕಿ ಎಂದು ಹಾಸ್ಯ ಮಾಡಿದರಂತೆ. ಪಂದ್ಯ ನಡೆಸುತ್ತಿದ್ದ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಜನ ಗೌರವವೆಂದು ತಿಳಿದ ಬಣ್ಣ ಪತ್ರಿಕೆಯ ಬಣ್ಣವೂ ಆಗಿತ್ತು!

ನಮ್ಮ ನಾಡಿಗೂ ಎದೆಯ ಗುರುತು ಹೊಸದಲ್ಲ. ಕಚೇರಿ ಜವಾನರ ಡವಾಲಿಯನ್ನು ಹಿರಿಯರೆಲ್ಲ ಬಲ್ಲರು. ಹೆಗಲಿನಿಂದ ಇಳಿಬಿದ್ದ ಪಟ್ಟಿ, ಅದರ ಮೇಲೆ ಕಚೇರಿಯ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ. ಉತ್ತರದಲ್ಲಿ ಆ ಬಿಲ್ಲೆಗೆ ಚಪ್ರಾಸ್ ಎನ್ನುತ್ತಾರೆ, ಅದನ್ನು ತೊಟ್ಟವನೇ ಚಪ್ರಾಸಿ. ಮನುಷ್ಯನ ಹೆಸರು ಹೋಗಿ ಬಿಲ್ಲೆಯ ಹೆಸರೇ ಉಳಿಯಿತು. ನಮ್ಮ ಸಭೆಯಲ್ಲಿ ಎದ್ದ ಮೊದಲ ಆಕ್ಷೇಪಣೆಯೂ ಇದೇ ಜಾಡಿನದು. "ಇನ್ಶೂರೆನ್ಸ್ ಮಾಡಿಸಿದ ಹಸೀಗೆ ಕಿವಿಗೋಲೆ, ಸೆಕ್ರೆಟರಿಗೆ ಎದೆಗೋಲೆನಾ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದಾಗ ಎಲ್ಲರೂ ನಕ್ಕರಾದರೂ, ಪ್ರಶ್ನೆ ತೂಕದ್ದೇ ಆಗಿತ್ತು.

ಅಷ್ಟರಲ್ಲಿ ಇನ್ನೊಂದು ವಿಷಯ ಬಂತು. ಪಶು ಆಹಾರದ ವ್ಯಾಪಾರಿಯೊಬ್ಬರು ಎಲ್ಲಾ ಸ್ವೆಟರ್‌ಗಳನ್ನೂ ಪುಕ್ಕಟೆಯಾಗಿ ಕೊಡಲು ಮುಂದೆ ಬಂದಿದ್ದರು. ಎದೆಯ ಮೇಲೆ ಸಂಘದ ಹೆಸರು ಚಿಕ್ಕದಾಗಿ, ಬೆನ್ನ ತುಂಬ ಅವರ ಹಿಂಡಿಯ ಹೆಸರು. "ಬಿಟ್ಟಿ ಬರೋದನ್ನ ಯಾಕ್ರೀ ಬಿಡ್ತೀರಾ, ಆ ದುಡ್ಡಲ್ಲಿ ಬೋನಸ್ಸಿಗೆ ನಾಕು ಕಾಸು ಸೇರುತ್ತೆ" ಎಂದವರೂ ಇದ್ದರು. ಅವರ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಂಘದ ದುಡ್ಡು ಸದಸ್ಯರ ಹಾಲಿನ ದುಡ್ಡು.

ಇಂಥದೇ ಪ್ರಶ್ನೆ ಜರ್ಮನಿಯ ಬ್ರಾನ್‌ಶ್ವೈಗ್ ಊರಿನ ಫುಟ್‌ಬಾಲ್ ಕ್ಲಬ್ಬಿಗೆ 1973ರಲ್ಲಿ ಬಂದಿತ್ತು. ಕ್ಲಬ್ಬು ಹಣದ ಮುಗ್ಗಟ್ಟಿನಲ್ಲಿತ್ತು. ಯೇಗರ್‌ಮೈಸ್ಟರ್ ಎಂಬ ಮದ್ಯದ ಕಂಪನಿ ದುಡ್ಡು ಕೊಡಲು ಸಿದ್ಧವಿತ್ತು. ಆದರೆ ಅಂಗಿಯ ಮೇಲೆ ಜಾಹೀರಾತು ಹಾಕಲು ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಇರಲಿಲ್ಲ, ಕ್ಲಬ್ಬಿನ ಲಾಂಛನಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಆಗ ಕ್ಲಬ್ಬಿನ ಸದಸ್ಯರೇ ಮತ ಹಾಕಿ ತಮ್ಮ ಲಾಂಛನದ ಸಿಂಹವನ್ನು ತೆಗೆದು, ಕಂಪನಿಯ ಸಾರಂಗದ ತಲೆಯನ್ನು ಇಟ್ಟುಕೊಂಡರು. ಆ ವರ್ಷದ ಮಾರ್ಚ್ 24ರಂದು ಸಾರಂಗವನ್ನು ಎದೆಯ ಮೇಲೆ ಹೊತ್ತು ಆಡಿದರು. ಅದೇ ವರ್ಷ ಜಾಹೀರಾತಿಗೆ ಅನುಮತಿಯೂ ಸಿಕ್ಕಿತು. ಸಿಂಹ ಹಿಂದಿರುಗಲು ಮಾತ್ರ ಬಹಳ ವರ್ಷ ಹಿಡಿಯಿತು.

ಫುಟ್‌ಬಾಲಿನವರ ಕಷ್ಟ ಅವರಿಗೆ. ನಮ್ಮಲ್ಲಿ ಹಾಲು ಪರೀಕ್ಷಕರು ಬರೀ ಫ್ಯಾಟು ನೋಡುವವರಲ್ಲ. "ಯಾವ ಹಿಂಡಿ ಹಾಕ್ಲಿ, ಹಾಲು ಯಾಕೆ ಕಮ್ಮಿಯಾಯ್ತು" ಎಂದು ಸದಸ್ಯರು ಕೇಳುವುದೂ ಅವರನ್ನೇ. ಬೆನ್ನ ಮೇಲೆ ಒಬ್ಬ ವ್ಯಾಪಾರಿಯ ಹೆಸರು ಹೊತ್ತವರು ಆ ಹಿಂಡಿ ಸರಿಯಿಲ್ಲವೆಂದು ಹೇಳಿಯಾರೇ? ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಸಹಕಾರಿ ಅಂಗಡಿ ತೆರೆದ ಕೂಲಿಕಾರರು ಮೊದಲು ನೋಡಿಕೊಂಡದ್ದೇ ಕಲಬೆರಕೆಯಿಲ್ಲದ ಸಾಮಾನು ಮತ್ತು ಸರಿಯಾದ ತೂಕ. ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ್ದು, ರೈತ ಸಾಲ ಕೊಟ್ಟವನ ಮುಲಾಜಿಗೆ ಬೀಳಬಾರದೆಂದು. ಇದನ್ನೆಲ್ಲ ಸಭೆಯಲ್ಲಿ ಹೇಳಿದ ಮೇಲೆ ಕೈ ಎತ್ತಿಸಲಾಯಿತು. ಬಹುಮತದಿಂದ, ಸಂಘದ ದುಡ್ಡಿನಲ್ಲೇ, ಸಂಘದ ಹೆಸರಿನಲ್ಲೇ ಎಂದಾಯಿತು.

ಆಮೇಲೆ ಆಯ್ಕೆಯ ಕೆಲಸ. ಅಪ್ಪಟ ಉಣ್ಣೆ ಬೆಚ್ಚಗೇನೋ ಇರುತ್ತದೆ, ಆದರೆ ದಿನಾ ಹಾಲಿನ ಕ್ಯಾನಿನ ಹತ್ತಿರ ಕೆಲಸ ಮಾಡುವವರ ಬಟ್ಟೆ ಮೇಲಿಂದ ಮೇಲೆ ಒಗೆಯಲೇಬೇಕು, ಒಗೆದಷ್ಟೂ ಉಣ್ಣೆ ಕುಗ್ಗುತ್ತದೆ. ಅಕ್ರಿಲಿಕ್ ಒಗೆತಕ್ಕೆ ತಡೆಯುತ್ತದೆ, ಬೆಲೆಯೂ ಕಡಿಮೆ. ಒಲೆಯ ಹತ್ತಿರ ಮಾತ್ರ ಹೋಗಬಾರದು, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಟಿಬೆಟಿನವರು ಮಾರುವ ಸ್ವೆಟರ್‌ಗಳು ಬಹುತೇಕ ಲೂಧಿಯಾನದ ಇಂಥ ಮಾಲೇ. ತೋಳು ಹಾಲಿಗೆ ತಾಗದಂತೆ ಅರ್ಧ ತೋಳಿನದನ್ನೇ ಆರಿಸಿದೆವು. ಗುರುತನ್ನು ಅಚ್ಚು ಹಾಕಿಸದೆ ದಾರದಲ್ಲಿ ಹೊಲಿಸಲು ಹೇಳಿದೆವು. ಇಲ್ಲೊಂದು ತೊಡಕು. 'ಹಾಲು ಉತ್ಪಾದಕರ ಸಹಕಾರ ಸಂಘ' ಎಂದು ಅಂಗೈ ಅಗಲದಲ್ಲಿ ಹೊಲಿದರೆ ಅಕ್ಷರಗಳೆಲ್ಲ ಸೇರಿ ದಾರದ ಗಂಟಾಗುತ್ತವೆ. ಆದ್ದರಿಂದ ಎಡ ಎದೆಯ ಮೇಲೆ ಒಂದು ಹಸು, ಅದರ ಕೆಳಗೆ ಊರಿನ ಹೆಸರು, ಇಷ್ಟೇ.

ಕೆಲಸ ಬಿಟ್ಟವರು ಸ್ವೆಟರ್ ಹಿಂತಿರುಗಿಸಬೇಕೇ ಎಂಬ ಪ್ರಶ್ನೆಯೂ ಬಂತು, ಬೇಡವೆಂದು ಠರಾವಾಯಿತು. ಸಂಘ ಶುರುವಾದಂದಿನಿಂದ ಕ್ಯಾನು ತೊಳೆದು, ಈಚೆಗೆ ವಯಸ್ಸಾಯಿತೆಂದು ಮನೆಯಲ್ಲಿರುವ ನಮ್ಮ ಸಹಾಯಕರಿಗೂ ಒಂದು ತರಿಸುವುದೆಂದು ಅದೇ ಠರಾವಿನಲ್ಲಿ ಸೇರಿದೆ. ಅವರು ಅಳತೆ ಕೊಡುವುದೊಂದು ಬಾಕಿ.